ಗೋಡೆಯಿಂದ ಗಡಿಯಾರದವರೆಗೆ: ಹಳೆಯ ಲ್ಯಾಪ್‌ಟಾಪಿನ ವಿದ್ಯುತ್ ಚರಿತ್ರೆ

ಕಲಬುರಗಿಯಿಂದ ಹುಮನಾಬಾದ್ ಕಡೆಗೆ ಹೋಗುವ ರಸ್ತೆಯಲ್ಲಿ ಸಿಗುವ ಕಮಲಾಪುರ ಕೆಂಪು ಬಾಳೆಹಣ್ಣಿಗೆ ಹೆಸರಾದ ಊರು. ಅಲ್ಲಿನ ನಿವೃತ್ತ ಶಿಕ್ಷಕರೊಬ್ಬರು ಕಳೆದ ಬೇಸಿಗೆಯಲ್ಲಿ ಹಳೆಯ ಲ್ಯಾಪ್‌ಟಾಪೊಂದನ್ನು ಬಟ್ಟೆಯ ಚೀಲದಲ್ಲಿಟ್ಟುಕೊಂಡು ನಮ್ಮ ಮನೆಗೆ ಬಂದರು. "ನೋಡಪ್ಪಾ, ಇದು ಪೂರಾ ಸತ್ತದ ಅಂತಾರ. ಒಳಗಿನ ಲೆಕ್ಕ ಏನರ ಕೈಗಿ ಸಿಗ್ತದೇನು?" ಎಂದು ಕೇಳಿದರು.

'ಒಳಗಿನ ಲೆಕ್ಕ' ಎಂದರೆ ಹಣದ ಲೆಕ್ಕವಲ್ಲ, ಮಳೆಯ ಲೆಕ್ಕ. ಅವರು ಕೆಲಸದಲ್ಲಿದ್ದಾಗ ಶಾಲೆಯ ಅಂಗಳದಲ್ಲಿ ಮಳೆಮಾಪಕವೊಂದನ್ನು ನಿಲ್ಲಿಸಿದ್ದರು. ಪ್ರತಿದಿನ ಬೆಳಿಗ್ಗೆ ಮಕ್ಕಳು ಅಳತೆ ತೆಗೆದು ಹೇಳುತ್ತಿದ್ದರು, ಮಾಸ್ತರರು ಸಂಜೆ ಅದನ್ನು ಯಂತ್ರಕ್ಕೆ ಏರಿಸುತ್ತಿದ್ದರು. 2002ರಿಂದ ಎಂಟು ಮುಂಗಾರುಗಳ ದಾಖಲೆ ಅದರಲ್ಲಿತ್ತು. ಕಾಗದದ ಪುಸ್ತಕಗಳು ಗೆದ್ದಲಿಗೆ ಆಹಾರವಾಗಿದ್ದವು. ಲ್ಯಾಪ್‌ಟಾಪ್ ಮಾತ್ರ ಕಪಾಟಿನಲ್ಲಿ ಉಳಿದಿತ್ತು. ಗುಂಡಿ ಒತ್ತಿದರೆ ದೀಪವಿಲ್ಲ, ಸದ್ದಿಲ್ಲ.

ಕಂಪ್ಯೂಟರ್ 'ಸತ್ತಿದೆ' ಎಂದು ನಾವು ಹೇಳುವಾಗ ಬಹಳಷ್ಟು ಸಲ ಸತ್ತಿರುವುದು ಕಂಪ್ಯೂಟರ್ ಅಲ್ಲ, ಅದಕ್ಕೆ ವಿದ್ಯುತ್ ಒದಗಿಸುವ ಸರಪಳಿಯ ಯಾವುದೋ ಒಂದು ಕೊಂಡಿ. ಗೋಡೆಯ ಸಾಕೆಟ್, ಅಡಾಪ್ಟರ್, ತಂತಿ, ಜ್ಯಾಕ್, ಬ್ಯಾಟರಿ, ಮದರ್‌ಬೋರ್ಡಿನ ವಿದ್ಯುತ್ ಮಂಡಲ, ಕೊನೆಗೆ ಗಡಿಯಾರವನ್ನು ನಡೆಸುವ ಗುಂಡಿಸೆಲ್ - ಇವೇ ಆ ಕೊಂಡಿಗಳು. ಇವುಗಳಲ್ಲಿ ಯಾವುದೂ ಸುಮ್ಮನೆ ಬಂದು ಸೇರಿದ್ದಲ್ಲ. ಒಂದೊಂದರ ಹಿಂದೆಯೂ ಒಂದು ಕಾಲದ ತಾಂತ್ರಿಕ ತೀರ್ಮಾನವಿದೆ. ಆದ್ದರಿಂದ ಹಳೆಯ ಲ್ಯಾಪ್‌ಟಾಪಿನ ದೋಷ ಪತ್ತೆಮಾಡುವುದೆಂದರೆ ಒಂದು ಅರ್ಥದಲ್ಲಿ ಅದರ ಚರಿತ್ರೆಯನ್ನು ಓದುವುದೇ. ಮೊದಲು ಆ ಚರಿತ್ರೆಯನ್ನು ನೋಡಿ, ಬಳಿಕ ಮಾಸ್ತರರ ಯಂತ್ರಕ್ಕೆ ಮರಳೋಣ.

ಹೊತ್ತೊಯ್ಯುವ ಯಂತ್ರ, ಹೊತ್ತೊಯ್ಯಲಾಗದ ವಿದ್ಯುತ್

ಕಂಪ್ಯೂಟರನ್ನು ಎತ್ತಿಕೊಂಡು ಹೋಗಬಹುದೆಂದು ತೋರಿಸಿದ ಮೊದಲ ಜನಪ್ರಿಯ ಯಂತ್ರ 1981ರ ಆಸ್ಬರ್ನ್-1. ಹೊಲಿಗೆ ಯಂತ್ರದ ಪೆಟ್ಟಿಗೆಯಂತಿದ್ದ ಇದರ ತೂಕ ಸುಮಾರು 11 ಕಿಲೋಗ್ರಾಂ. ಹೊತ್ತು ತಂದ ಮೇಲೆ ಅದನ್ನು ಗೋಡೆಯ ಸಾಕೆಟ್ಟಿಗೆ ಜೋಡಿಸಲೇಬೇಕಿತ್ತು, ಏಕೆಂದರೆ ಅದರೊಳಗೆ ಬ್ಯಾಟರಿ ಇರಲಿಲ್ಲ. 1982ರಲ್ಲಿ ಬಂದ ಗ್ರಿಡ್ ಕಂಪಾಸ್ ಇಂದಿನ ಲ್ಯಾಪ್‌ಟಾಪಿನಂತೆಯೇ ಮಡಚುವ ಆಕಾರ ಹೊಂದಿತ್ತು. ಅದು ಅಮೆರಿಕದ ಬಾಹ್ಯಾಕಾಶ ನೌಕೆಯಲ್ಲಿ ಪ್ರಯಾಣವನ್ನೂ ಮಾಡಿತು. ಆದರೆ ಮಾರುಕಟ್ಟೆಗೆ ಬಂದ ಮೊದಲ ಮಾದರಿ ಅದೂ ಗೋಡೆಯ ವಿದ್ಯುತ್ತನ್ನೇ ನೆಚ್ಚಿಕೊಂಡಿತ್ತು.

ಇದೇ ಕಾಲಕ್ಕೆ ಜಪಾನಿನ ಎಪ್ಸನ್ ಎಚ್‌ಎಕ್ಸ್-20 ಬೇರೊಂದು ದಾರಿ ಹಿಡಿಯಿತು. ತೂಕ ಸುಮಾರು 1.6 ಕಿಲೋಗ್ರಾಂ, ಪರದೆಯಲ್ಲಿ ಸಾಲಿಗೆ 20 ಅಕ್ಷರಗಳಂತೆ ಬರೇ ನಾಲ್ಕು ಸಾಲು. ಆದರೆ ನಿಕ್ಕಲ್-ಕ್ಯಾಡ್ಮಿಯಂ ಬ್ಯಾಟರಿಯಿಂದ ಸುಮಾರು 50 ಗಂಟೆ ಓಡುತ್ತಿತ್ತು! ಇದರ ಗುಟ್ಟು ಬ್ಯಾಟರಿಯಲ್ಲಿ ಮಾತ್ರ ಇರಲಿಲ್ಲ, ಅದನ್ನು ಖರ್ಚು ಮಾಡುವ ಬಗೆಯಲ್ಲಿತ್ತು. ಸ್ಥಿತಿ ಬದಲಾಯಿಸುವಾಗ ಮಾತ್ರ ಗಣನೀಯ ಪ್ರವಾಹ ಎಳೆಯುವ ಸಿಮೋಸ್ ಚಿಪ್ಪುಗಳು ಮತ್ತು ತಾನಾಗಿ ಬೆಳಕು ಬೀರದ ದ್ರವಸ್ಫಟಿಕ ಪರದೆ - ಈ ಎರಡರಿಂದ ಖರ್ಚು ಇಳಿದಿತ್ತು. ಮುಂದೆ ಪರದೆ ದೊಡ್ಡದಾಯಿತು, ಹಿಂಬದಿ ದೀಪ ಬಂತು, ತಿರುಗುವ ಹಾರ್ಡ್‌ಡಿಸ್ಕ್ ಸೇರಿತು, ಪ್ರೊಸೆಸರಿನ ವೇಗ ಏರಿತು. 50 ಗಂಟೆ ಕರಗಿ ಎರಡು ಮೂರು ಗಂಟೆಗೆ ನಿಂತಿತು.

1985ರ ತೊಷಿಬಾ ಟಿ1100 ತನ್ನೊಳಗೇ ಮರುಪೂರಣ ಮಾಡಬಲ್ಲ ಬ್ಯಾಟರಿಯನ್ನು ಇಟ್ಟುಕೊಂಡು ಬಂದಿತು. 1989ರಲ್ಲಿ ಆಪಲ್ ಕಂಪನಿ ತನ್ನ ಮ್ಯಾಕಿಂಟಾಷ್ ಪೋರ್ಟಬಲ್‌ಗೆ ಮೊಹರು ಮಾಡಿದ ಸೀಸ-ಆಮ್ಲ ಬ್ಯಾಟರಿಯನ್ನು ಆಯ್ದುಕೊಂಡಿತು. ಒಟ್ಟು ತೂಕ ಏಳು ಕಿಲೋಗ್ರಾಂ ದಾಟಿತು, ಆದರೆ ಹತ್ತು ಗಂಟೆಯವರೆಗೆ ಓಡುವ ಶಕ್ತಿ ಬಂದಿತು. ಇದರ ವಿನ್ಯಾಸದಲ್ಲಿ ದೋಷ ಪತ್ತೆಯ ವಿದ್ಯಾರ್ಥಿಗಳು ತಿಳಿಯಲೇಬೇಕಾದ ಒಂದು ಅಂಶವಿದೆ. ಅದರ ಅಡಾಪ್ಟರ್ ಚಿಕ್ಕದು. ಡಿಸ್ಕ್ ತಿರುಗಲು ಆರಂಭಿಸುವಾಗ ಬೇಕಾಗುವ ಹೆಚ್ಚಿನ ಪ್ರವಾಹವನ್ನು ಬ್ಯಾಟರಿಯೇ ಕೊಡಬೇಕಿತ್ತು. ಹೀಗಾಗಿ ಬ್ಯಾಟರಿ ಕೆಟ್ಟರೆ ಗೋಡೆಯ ವಿದ್ಯುತ್ ಇದ್ದರೂ ಯಂತ್ರ ಏಳುತ್ತಿರಲಿಲ್ಲ. ಅಂದರೆ 'ಬ್ಯಾಟರಿ ತೆಗೆದು ಅಡಾಪ್ಟರಿನಲ್ಲಿ ನಡೆಸಿ ನೋಡು' ಎಂಬ ಇಂದಿನ ಸಾಮಾನ್ಯ ಸಲಹೆ ಆ ಯಂತ್ರಕ್ಕೆ ಸಲ್ಲುವುದಿಲ್ಲ. ಯಾವ ಕಾಲದ ಯಂತ್ರ ಎಂಬುದನ್ನು ತಿಳಿಯದೆ ಪರೀಕ್ಷೆ ಮಾಡಿದರೆ ತಪ್ಪು ತೀರ್ಮಾನಕ್ಕೆ ಬರುತ್ತೇವೆ.

ನಿಕ್ಕಲ್‌ನಿಂದ ಲಿಥಿಯಂಗೆ

ನಿಕ್ಕಲ್-ಕ್ಯಾಡ್ಮಿಯಂ ಕೋಶವನ್ನು ಸ್ವೀಡನ್ನಿನ ವಾಲ್ಡೆಮಾರ್ ಯುಂಗ್ನರ್ 1899ರಲ್ಲೇ ರೂಪಿಸಿದ್ದರು. ಅದು ಗಟ್ಟಿಮುಟ್ಟಾದ ಕೋಶ. ಆದರೆ ಕ್ಯಾಡ್ಮಿಯಂ ವಿಷಕಾರಿ, ಜೊತೆಗೆ ಒಂದು ಕೋಶದ ವೋಲ್ಟೇಜ್ ಕೇವಲ 1.2. 1990ರ ಸುಮಾರಿಗೆ ಮಾರುಕಟ್ಟೆಗೆ ಬಂದ ನಿಕ್ಕಲ್-ಲೋಹ ಹೈಡ್ರೈಡ್ ಕೋಶದಲ್ಲಿ ಕ್ಯಾಡ್ಮಿಯಂ ಇರಲಿಲ್ಲ, ಅಷ್ಟೇ ಜಾಗದಲ್ಲಿ ಹೆಚ್ಚು ಶಕ್ತಿ ಹಿಡಿಯುತ್ತಿತ್ತು. ವೋಲ್ಟೇಜ್ ಮಾತ್ರ ಅದೇ 1.2.

ದೊಡ್ಡ ನೆಗೆತ ಲಿಥಿಯಂನಿಂದ ಬಂತು. ಲೋಹಗಳಲ್ಲೆಲ್ಲ ಅತಿ ಹಗುರವಾದ ಇದು ಎಲೆಕ್ಟ್ರಾನನ್ನು ಬಹಳ ಸುಲಭವಾಗಿ ಬಿಟ್ಟುಕೊಡುತ್ತದೆ. ಸ್ಟಾನ್ಲಿ ವಿಟಿಂಗ್‌ಹ್ಯಾಮ್ 1970ರ ದಶಕದಲ್ಲಿ ಟೈಟೇನಿಯಂ ಡೈಸಲ್ಫೈಡಿನ ಪದರಗಳ ನಡುವೆ ಲಿಥಿಯಂ ಅಯಾನುಗಳು ಹೊಕ್ಕು ಹೊರಬರುವ ಕೋಶವನ್ನು ರಚಿಸಿದರು. ಆಕ್ಸ್‌ಫರ್ಡಿನಲ್ಲಿ ಜಾನ್ ಗುಡಿನಫ್ 1980ರಲ್ಲಿ ಲಿಥಿಯಂ ಕೋಬಾಲ್ಟ್ ಆಕ್ಸೈಡನ್ನು ಬಳಸಿ ವೋಲ್ಟೇಜನ್ನು ನಾಲ್ಕರ ಹತ್ತಿರಕ್ಕೆ ಏರಿಸಿದರು. ಆದರೆ ಶುದ್ಧ ಲಿಥಿಯಂ ಲೋಹ ಅಪಾಯಕಾರಿ. ಮತ್ತೆ ಮತ್ತೆ ಪೂರಣ ಮಾಡಿದಾಗ ಅದು ಸೂಜಿಯಂತೆ ಬೆಳೆದು ಕೋಶದೊಳಗೇ ಶಾರ್ಟ್ ಉಂಟುಮಾಡಬಲ್ಲದು. 1989ರಲ್ಲಿ ಜಪಾನಿನಲ್ಲಿ ಇಂಥ ಬ್ಯಾಟರಿಯಿದ್ದ ಮೊಬೈಲ್ ಫೋನುಗಳಿಗೆ ಬೆಂಕಿ ತಗುಲಿ ಅವುಗಳನ್ನು ಹಿಂದೆ ಪಡೆಯಬೇಕಾಯಿತು. ಅಕಿರಾ ಯೊಶಿನೊ 1985ರಲ್ಲಿ ಲೋಹದ ಬದಲು ಇಂಗಾಲದ ವಸ್ತುವನ್ನು ಬಳಸಿ ಈ ಅಪಾಯವನ್ನು ತಗ್ಗಿಸುವ ದಾರಿ ತೋರಿದ್ದರು. ಸೋನಿ ಕಂಪನಿ 1991ರಲ್ಲಿ ಲಿಥಿಯಂ ಅಯಾನು ಕೋಶವನ್ನು ಮಾರುಕಟ್ಟೆಗೆ ತಂದಿತು. ಈ ಮೂವರು ವಿಜ್ಞಾನಿಗಳು 2019ರ ರಸಾಯನ ವಿಜ್ಞಾನದ ನೊಬೆಲ್ ಪ್ರಶಸ್ತಿಯನ್ನು ಹಂಚಿಕೊಂಡರು.

ಲಿಥಿಯಂ ಅಯಾನು ಕೋಶದ ಸರಾಸರಿ ವೋಲ್ಟೇಜ್ ಸುಮಾರು 3.7. ಮೂರು ನಿಕ್ಕಲ್ ಕೋಶಗಳ ಕೆಲಸವನ್ನು ಒಂದೇ ಮಾಡುತ್ತದೆ. ಆದರೆ ಅದಕ್ಕೆ ಕಟ್ಟುನಿಟ್ಟಾದ ಪಥ್ಯ ಬೇಕು: 4.2 ವೋಲ್ಟಿಗಿಂತ ಮೇಲೆ ಪೂರಣ ಮಾಡಬಾರದು, ಸುಮಾರು 2.5 ವೋಲ್ಟಿಗಿಂತ ಕೆಳಗೆ ಇಳಿಸಬಾರದು, ಬಿಸಿ ತಾಗಿಸಬಾರದು. ಅದಕ್ಕಾಗಿಯೇ ಬ್ಯಾಟರಿಯ ಡಬ್ಬಿಯೊಳಗೆ ಒಂದು ಕಾವಲು ಮಂಡಲ ಸೇರಿಕೊಂಡಿತು. ಪಥ್ಯ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ಚರಿತ್ರೆಯಲ್ಲಿ ಉದಾಹರಣೆಗಳಿವೆ. 1995ರಲ್ಲಿ ಆಪಲ್ ತನ್ನ ಪವರ್‌ಬುಕ್ 5300ರ ಲಿಥಿಯಂ ಬ್ಯಾಟರಿಗಳನ್ನು ಬೆಂಕಿಯ ಕಾರಣದಿಂದ ಹಿಂದೆ ಪಡೆದು ಮತ್ತೆ ನಿಕ್ಕಲ್-ಲೋಹ ಹೈಡ್ರೈಡಿಗೆ ಮರಳಬೇಕಾಯಿತು. 2006ರಲ್ಲಿ ಕೋಶಗಳೊಳಗೆ ಸೇರಿಕೊಂಡಿದ್ದ ಸೂಕ್ಷ್ಮ ಲೋಹದ ಕಣಗಳಿಂದಾಗಿ ಡೆಲ್ ಕಂಪನಿಯೊಂದೇ ಸುಮಾರು 41 ಲಕ್ಷ ಬ್ಯಾಟರಿಗಳನ್ನು ವಾಪಸು ಕರೆಸಿತು.

ಕರ್ನಾಟಕದಲ್ಲಿ ಕೇಳಿದ ಪ್ರಶ್ನೆ

ಪಶ್ಚಿಮದ ವಿನ್ಯಾಸಕಾರರಿಗೆ ಬ್ಯಾಟರಿ ಎಂದರೆ ವಿಮಾನದಲ್ಲಿ ಕುಳಿತಾಗ ಬೇಕಾಗುವ ವಸ್ತು. ನಮ್ಮಲ್ಲಿ ಹಾಗಲ್ಲ. ಮನೆಯೊಳಗೇ, ಶಾಲೆಯೊಳಗೇ ಅದು ಬೇಕು. ಈ ವ್ಯತ್ಯಾಸವನ್ನು ಗಂಭೀರವಾಗಿ ತೆಗೆದುಕೊಂಡ ಪ್ರಯತ್ನ ಬೆಂಗಳೂರಿನಲ್ಲಿ ನಡೆಯಿತು. ಭಾರತೀಯ ವಿಜ್ಞಾನ ಸಂಸ್ಥೆಯ ವಿಜಯ್ ಚಂದ್ರು, ಸ್ವಾಮಿ ಮನೋಹರ್, ರಮೇಶ್ ಹರಿಹರನ್, ವಿ. ವಿನಯ್ ಮತ್ತು ಎನ್‌ಕೋರ್ ಸಾಫ್ಟ್‌ವೇರ್ ಸಂಸ್ಥೆಯ ವಿನಯ್ ದೇಶಪಾಂಡೆ ಮೊದಲಾದವರು ಸೇರಿ ರೂಪಿಸಿದ 'ಸಿಂಪ್ಯೂಟರ್' 2001ರಲ್ಲಿ ಪ್ರದರ್ಶನಗೊಂಡಿತು. ಅಂಗೈಯಲ್ಲಿ ಹಿಡಿಯುವ, ಲಿನಕ್ಸ್ ಆಧಾರಿತ, ಭಾರತೀಯ ಭಾಷೆಗಳಲ್ಲಿ ಪಠ್ಯವನ್ನು ಓದಿ ಹೇಳಬಲ್ಲ ಕಂಪ್ಯೂಟರ್ ಅದು.

ನಮ್ಮ ವಿಷಯಕ್ಕೆ ಮುಖ್ಯವಾದುದು ಅದರ ವಿದ್ಯುತ್ ವ್ಯವಸ್ಥೆ. ಕಿರಾಣಿ ಅಂಗಡಿಯಲ್ಲೂ ಸಿಗುವ ಎಎಎ ಗಾತ್ರದ ಸೆಲ್ಲುಗಳಿಂದ ಯಂತ್ರ ಓಡಬೇಕೆಂದು ವಿನ್ಯಾಸಕಾರರು ಯೋಚಿಸಿದ್ದರು. ಅದರಲ್ಲಿ ಬಳಸಿದ 206 ಮೆಗಾಹರ್ಟ್ಸ್ ವೇಗದ ಸ್ಟ್ರಾಂಗ್‌ಆರ್ಮ್ ಪ್ರೊಸೆಸರ್ ಮಿತವ್ಯಯಕ್ಕೆ ಹೆಸರಾಗಿತ್ತು. ಹಳ್ಳಿಯಲ್ಲಿ ಕೆಟ್ಟರೆ ಬದಲಿಸಲು ಸಾಧ್ಯವಿರಬೇಕು ಎಂಬ ಯೋಚನೆ ಇದರ ಹಿಂದಿತ್ತು. 2004ರ ಮಾರ್ಚ್‌ನಲ್ಲಿ ಪಿಕೊಪೆಟಾ ಸಂಸ್ಥೆ ಮತ್ತು ಭಾರತ್ ಎಲೆಕ್ಟ್ರಾನಿಕ್ಸ್ ಸೇರಿ 'ಅಮಿಡಾ ಸಿಂಪ್ಯೂಟರ್' ಎಂಬ ಹೆಸರಿನಲ್ಲಿ ಇದನ್ನು ಮಾರುಕಟ್ಟೆಗೆ ತಂದವು. 2005ರಲ್ಲಿ ಎನ್‌ಕೋರ್ ಸಂಸ್ಥೆ ವೈಜ್ಞಾನಿಕ ಮತ್ತು ಔದ್ಯೋಗಿಕ ಸಂಶೋಧನಾ ಮಂಡಳಿಯ ನೆರವಿನಿಂದ 'ಮೊಬಿಲಿಸ್' ಎಂಬ ಇನ್ನಷ್ಟು ದೊಡ್ಡ ಪರದೆಯ ಯಂತ್ರವನ್ನು ತೋರಿಸಿತು. ಇವು ಯಾವುವೂ ನಿರೀಕ್ಷಿಸಿದ ಸಂಖ್ಯೆಯಲ್ಲಿ ಮಾರಾಟವಾಗಲಿಲ್ಲ. ಆದರೆ ಅವು ಕೇಳಿದ ಪ್ರಶ್ನೆ ಇಂದಿಗೂ ಸರಿಯಾದದ್ದೇ: ಯಂತ್ರದ ಆಯುಷ್ಯ ಮುಗಿಯುವ ಮೊದಲೇ ಅದರ ಬ್ಯಾಟರಿಯ ಆಯುಷ್ಯ ಮುಗಿಯುವುದು ಖಚಿತವಾಗಿರುವಾಗ, ಬದಲಿ ಸಿಗುವಂತೆ ಏಕೆ ಮಾಡಬಾರದು?

ಅದೇ ವರ್ಷಗಳಲ್ಲಿ 'ಭೂಮಿ' ಯೋಜನೆಯ ಮೂಲಕ ರಾಜ್ಯದ ತಾಲ್ಲೂಕು ಕಚೇರಿಗಳಲ್ಲಿ ಪಹಣಿಗಳು ಕಂಪ್ಯೂಟರಿಗೆ ಏರಿದವು. ಆಗಿನ ಗುಲ್ಬರ್ಗಾ ಭಾಗದ ವಿದ್ಯುತ್ ವಿತರಣೆ 2002ರಲ್ಲಿ ಜೆಸ್ಕಾಂ ಸುಪರ್ದಿಗೆ ಬಂತು. ಲೋಡ್‌ಶೆಡ್ಡಿಂಗ್ ದಿನಚರಿಯ ಭಾಗವಾಗಿದ್ದ ಆ ದಿನಗಳಲ್ಲಿ ಎಲ್ಲಿ ಕಂಪ್ಯೂಟರ್ ಇತ್ತೋ ಅಲ್ಲಿ ಪಕ್ಕದಲ್ಲಿ ಯುಪಿಎಸ್ ಕೂಡ ಇರಲೇಬೇಕಿತ್ತು. ಮಾಸ್ತರರು ಉಳಿತಾಯದ ಹಣ ಕೂಡಿಸಿ ಲ್ಯಾಪ್‌ಟಾಪನ್ನೇ ಕೊಂಡದ್ದಕ್ಕೆ ಕಾರಣವೂ ಇದೇ. ಕರೆಂಟು ಹೋದರೂ ಅಂದಿನ ಮಳೆಯ ಅಳತೆಯನ್ನು ಅಂದೇ ಬರೆದಿಡಬಹುದಿತ್ತು.

ಗೋಡೆಯಿಂದ ಒಳಕ್ಕೆ

ಈಗ ಮಾಸ್ತರರ ಯಂತ್ರಕ್ಕೆ ಬರೋಣ. ಮಾಹಿತಿ ಮಾತ್ರ ಬೇಕಿದ್ದರೆ ಹಾರ್ಡ್‌ಡಿಸ್ಕನ್ನು ಬಿಚ್ಚಿ ಬೇರೆ ಕಂಪ್ಯೂಟರಿಗೆ ಜೋಡಿಸುವ ದಾರಿಯಿದೆ. ಆದರೆ ಆ ಕಾಲದ 44 ಪಿನ್ನುಗಳ ಡಿಸ್ಕಿಗೆ ಬೇಕಾದ ಪರಿವರ್ತಕ ನಮ್ಮಲ್ಲಿರಲಿಲ್ಲ. ಅದನ್ನು ಕೊನೆಯ ಉಪಾಯವಾಗಿ ಇಟ್ಟುಕೊಂಡು ವಿದ್ಯುತ್ತಿನ ದಾರಿಯಲ್ಲೇ ಹೊರಟೆವು. ನಿಯಮ ಒಂದೇ: ಗೋಡೆಯಿಂದ ಆರಂಭಿಸಿ ಒಂದೊಂದೇ ಹೆಜ್ಜೆ ಒಳಕ್ಕೆ, ಒಂದು ಸಲಕ್ಕೆ ಒಂದೇ ಬದಲಾವಣೆ.

ಗೋಡೆಯ ಸಾಕೆಟ್ಟಿನಲ್ಲಿ ಮೇಜಿನ ದೀಪ ಉರಿಯಿತು, ಹಾಗಾಗಿ ಅದು ಸರಿ. ಮುಂದಿನದು ಅಡಾಪ್ಟರ್. ಅದರ ಮೇಲೆ '19 ವೋಲ್ಟ್, 3.16 ಆಂಪಿಯರ್' ಎಂದಿತ್ತು. ಇವೆರಡರ ಗುಣಲಬ್ಧ ಸುಮಾರು 60 ವ್ಯಾಟ್. ಮಲ್ಟಿಮೀಟರ್ ಹಿಡಿದಾಗ 19.2 ವೋಲ್ಟ್ ತೋರಿಸಿತು. 'ಅಡಾಪ್ಟರ್ ಸರಿಯಿದೆ, ಬೋರ್ಡೇ ಹೋಗಿದೆ' ಎಂದು ಹಿಂದೊಮ್ಮೆ ಯಾರೋ ಹೇಳಿದ್ದು ಈ ಅಳತೆಯ ಆಧಾರದಿಂದಲೇ ಇರಬೇಕು.

ಇಲ್ಲಿಯೇ ಭೌತವಿಜ್ಞಾನದ ಪಾಠವೊಂದು ನೆರವಿಗೆ ಬರುತ್ತದೆ. ಕೋಶದ ಆಂತರಿಕ ರೋಧದ ಬಗ್ಗೆ ಪಿಯುಸಿಯಲ್ಲಿ ಕಲಿಸುತ್ತೇವೆ: ಪ್ರವಾಹ ಹರಿಯದಿರುವಾಗ ತುದಿಗಳ ನಡುವಿನ ವಿಭವಾಂತರ ಪೂರ್ತಿ ಇರುತ್ತದೆ, ಪ್ರವಾಹ ಹರಿದಾಗ ಆಂತರಿಕ ರೋಧ ತನ್ನ ಪಾಲನ್ನು ಕಸಿದುಕೊಳ್ಳುತ್ತದೆ. ಮಲ್ಟಿಮೀಟರ್ ಎಳೆಯುವ ಪ್ರವಾಹ ಅತ್ಯಲ್ಪ. ಆದ್ದರಿಂದ ಅದು ತೋರಿಸುವುದು ಕೆಲಸವಿಲ್ಲದೆ ಕುಳಿತವನ ಶಕ್ತಿಯನ್ನು. ಹೊರೆ ಹೊರಿಸಿ ನೋಡಬೇಕು.

ಹೊರೆಯಾಗಿ 12 ವೋಲ್ಟ್, 21 ವ್ಯಾಟ್‌ನ ಎರಡು ವಾಹನದ ಬಲ್ಬುಗಳನ್ನು ಸರಣಿಯಲ್ಲಿ ಜೋಡಿಸಿದೆವು. ಎರಡೂ ಸೇರಿ 24 ವೋಲ್ಟ್ ತಾಳಿಕೊಳ್ಳುವುದರಿಂದ 19 ವೋಲ್ಟಿಗೆ ತೊಂದರೆಯಿಲ್ಲ. ಸುಮಾರು 1.5 ಆಂಪಿಯರ್ ಪ್ರವಾಹ ಹರಿಯಬೇಕು. ಮೊದಲು ಇಷ್ಟೇ ಸಾಮರ್ಥ್ಯದ ಬೇರೊಂದು ಒಳ್ಳೆಯ ಅಡಾಪ್ಟರಿಗೆ ಜೋಡಿಸಿದಾಗ ಬಲ್ಬುಗಳು ಒಂದೇ ಸಮ ಬೆಳಗಿದವು. ಮಾಸ್ತರರ ಅಡಾಪ್ಟರಿಗೆ ಜೋಡಿಸಿದಾಗ ಬಲ್ಬುಗಳು ಮಿಂಚಿ ಆರಿ, ಮತ್ತೆ ಮಿಂಚಿ ಆರತೊಡಗಿದವು. ಅಡಾಪ್ಟರಿನ ಹಸಿರು ದೀಪವೂ ಅದೇ ತಾಳದಲ್ಲಿ ಮಿಣುಕಿತು. ಮೀಟರಿನ ಅಂಕಿ ಎಲ್ಲೂ ನಿಲ್ಲಲಿಲ್ಲ. ಮೊದಲ ದೋಷ ಸಿಕ್ಕಿತು.

ಈ ಅಡಾಪ್ಟರಿಗೂ ಒಂದು ಚರಿತ್ರೆಯಿದೆ. ಹಿಂದಿನ ಕಾಲದ ವಿದ್ಯುತ್ ಪೂರೈಕೆಯಲ್ಲಿ 50 ಹರ್ಟ್ಸ್‌ನ ಭಾರವಾದ ಕಬ್ಬಿಣದ ಟ್ರಾನ್ಸ್‌ಫಾರ್ಮರ್ ಇರುತ್ತಿತ್ತು. 1977ರ ಆಪಲ್-2 ಕಂಪ್ಯೂಟರಿಗಾಗಿ ರಾಡ್ ಹೋಲ್ಟ್ ಹಗುರವಾದ ಸ್ವಿಚಿಂಗ್ ಮಾದರಿಯ ಪೂರೈಕೆಯನ್ನು ವಿನ್ಯಾಸಗೊಳಿಸಿದರು. ಅದು ಗೃಹ ಕಂಪ್ಯೂಟರುಗಳಲ್ಲಿ ಈ ತಂತ್ರ ಹರಡಲು ನೆರವಾಯಿತು. ಇದರಲ್ಲಿ ವಿದ್ಯುತ್ತನ್ನು ಸೆಕೆಂಡಿಗೆ ಸಾವಿರಾರು ಸಲ ಕತ್ತರಿಸಿ ಸಣ್ಣ ಟ್ರಾನ್ಸ್‌ಫಾರ್ಮರಿನ ಮೂಲಕ ಹಾಯಿಸುತ್ತಾರೆ. ತೂಕ ಇಳಿಯುತ್ತದೆ. ಅಲ್ಲದೆ ಲ್ಯಾಪ್‌ಟಾಪ್ ಅಡಾಪ್ಟರುಗಳು 100ರಿಂದ 240 ವೋಲ್ಟ್‌ವರೆಗೆ ಯಾವುದನ್ನು ಕೊಟ್ಟರೂ ಒಂದೇ ವೋಲ್ಟೇಜ್ ನೀಡುತ್ತವೆ. ನಮ್ಮ ಊರುಗಳ ಏರಿಳಿತದ ವಿದ್ಯುತ್ತಿಗೆ ಇದು ವರವೇ ಸರಿ. ಆದರೆ ಕತ್ತರಿಸಿದ ವಿದ್ಯುತ್ತನ್ನು ನಯಗೊಳಿಸಲು ಎಲೆಕ್ಟ್ರೊಲಿಟಿಕ್ ಕೆಪ್ಯಾಸಿಟರುಗಳು ಬೇಕು. ಅವುಗಳೊಳಗಿನ ದ್ರವ ವರ್ಷಗಳು ಕಳೆದಂತೆ ಒಣಗುತ್ತದೆ, ಧಾರಣೆ ಕುಗ್ಗುತ್ತದೆ, ಆಂತರಿಕ ರೋಧ ಏರುತ್ತದೆ. ಆಗ ಹೊರೆ ಬಿದ್ದೊಡನೆ ಅಡಾಪ್ಟರಿನ ರಕ್ಷಣಾ ಮಂಡಲ ಕೆಲಸ ನಿಲ್ಲಿಸಿ ಮತ್ತೆ ಆರಂಭಿಸುತ್ತದೆ. ನಾವು ಕಂಡ ಮಿಣುಕಾಟದ ಕಾರಣ ಇದೇ. 2000ದ ಆಸುಪಾಸಿನಲ್ಲಿ ದೋಷಯುಕ್ತ ದ್ರವ ತುಂಬಿದ ಕೆಪ್ಯಾಸಿಟರುಗಳು ಜಗತ್ತಿನಾದ್ಯಂತ ಮದರ್‌ಬೋರ್ಡುಗಳಲ್ಲಿ ಉಬ್ಬಿ ಸೋರಿದ್ದೂ ಉಂಟು.

ಅಡಾಪ್ಟರನ್ನು ಬದಲಿಸುವಾಗ ಮೂರು ಸಂಗತಿ ನೋಡಬೇಕು. ವೋಲ್ಟೇಜ್ ಹೊಂದಬೇಕು. ಆಂಪಿಯರ್ ಸಾಮರ್ಥ್ಯ ಮೂಲದಷ್ಟು ಅಥವಾ ಅದಕ್ಕಿಂತ ಹೆಚ್ಚಿರಬೇಕು, ಹೆಚ್ಚಿದ್ದರೆ ಹಾನಿಯಿಲ್ಲ, ಯಂತ್ರ ತನಗೆ ಬೇಕಾದಷ್ಟನ್ನೇ ಎಳೆದುಕೊಳ್ಳುತ್ತದೆ. ಪ್ಲಗ್ಗಿನ ಒಳಭಾಗ ಧನವೋ ಋಣವೋ ಎಂಬುದು ಹೊಂದಬೇಕು. ಹಳೆಯ ಯಂತ್ರಗಳಲ್ಲಿ 15, 16, 19, 20 ಹೀಗೆ ಕಂಪನಿಗೊಂದು ವೋಲ್ಟೇಜ್, ಮಾದರಿಗೊಂದು ಪ್ಲಗ್ ಇದ್ದುದರಿಂದ ಪ್ಲಗ್ ಒಳಗೆ ಹೋಯಿತೆಂದ ಮಾತ್ರಕ್ಕೆ ಸರಿ ಎನ್ನಲಾಗದು. ಈ ಗೊಂದಲ ನೀಗಿಸಲೆಂದೇ ಯುರೋಪಿನ ಒಕ್ಕೂಟ ಯುಎಸ್‌ಬಿ-ಸಿ ಜ್ಯಾಕನ್ನು ಫೋನುಗಳಿಗೆ 2024ರ ಡಿಸೆಂಬರಿನಿಂದ, ಲ್ಯಾಪ್‌ಟಾಪುಗಳಿಗೆ 2026ರ ಏಪ್ರಿಲ್‌ನಿಂದ ಕಡ್ಡಾಯಗೊಳಿಸುವ ನಿಯಮ ಮಾಡಿತು.

ಒಳ್ಳೆಯ ಅಡಾಪ್ಟರ್ ಜೋಡಿಸಿದಾಗಲೂ ಯಂತ್ರ ಸುಮ್ಮನಿತ್ತು. ಆದರೆ ಪ್ಲಗ್ಗನ್ನು ಸ್ವಲ್ಪ ಮೇಲಕ್ಕೆ ಒತ್ತಿ ಹಿಡಿದಾಗ ಮುಂಬದಿಯ ಕಿತ್ತಳೆ ದೀಪ ಒಮ್ಮೆ ಹೊತ್ತಿ ಆರಿತು! ಎರಡನೆಯ ದೋಷದ ಸುಳಿವು ಇದು. ವರ್ಷಗಟ್ಟಲೆ ಪ್ಲಗ್ ಚುಚ್ಚಿ ತೆಗೆಯುವಾಗ ಜ್ಯಾಕ್ ಅಲುಗಾಡಿ, ಬೋರ್ಡಿಗೆ ಅದನ್ನು ಹಿಡಿದಿಟ್ಟ ಬೆಸುಗೆಯಲ್ಲಿ ಕೂದಲೆಳೆಯಷ್ಟು ಬಿರುಕು ಬಿಟ್ಟಿತ್ತು. ಸೂಪರ್ ಮಾರ್ಕೆಟ್ ಪ್ರದೇಶದ ರಿಪೇರಿ ಅಂಗಡಿಯೊಂದರಲ್ಲಿ ಯಂತ್ರ ಬಿಚ್ಚಿಸಿ ಆ ಬೆಸುಗೆಯನ್ನು ಹೊಸದಾಗಿ ಹಾಕಿಸಿದೆವು. ಅರ್ಧ ಗಂಟೆಯ ಕೆಲಸ.

ಇನ್ನು ಬ್ಯಾಟರಿ. ಅದರ ಮೇಲೆ '14.8 ವೋಲ್ಟ್' ಎಂದಿತ್ತು. 3.7ರಿಂದ ಭಾಗಿಸಿದರೆ ನಾಲ್ಕು, ಅಂದರೆ ಸರಣಿಯಲ್ಲಿ ನಾಲ್ಕು ಕೋಶಗಳ ಸಾಲು. ಮೀಟರ್ ಸೊನ್ನೆ ತೋರಿಸಿತು. ವರ್ಷಗಳ ಕಾಲ ಕಪಾಟಿನಲ್ಲಿದ್ದಾಗ ಕೋಶಗಳು ತಾವಾಗಿ ಬರಿದಾಗಿ, ಕಾವಲು ಮಂಡಲ ಬಾಗಿಲು ಹಾಕಿಕೊಂಡಿತ್ತು. ಆ ಕಾವಲನ್ನು ತಪ್ಪಿಸಿ ಹೊರಗಿನಿಂದ ನೇರವಾಗಿ ಪೂರಣ ಮಾಡುವ ಸಾಹಸವನ್ನು ಕೆಲವರು ಮಾಡುತ್ತಾರೆ. ಇದು ಖಂಡಿತ ಕೂಡದು. ಅತಿಯಾಗಿ ಬರಿದಾದ ಲಿಥಿಯಂ ಅಯಾನು ಕೋಶದಲ್ಲಿ ತಾಮ್ರದ ಹಾಳೆ ಕರಗಿ, ಮರುಪೂರಣದ ವೇಳೆ ಬೇರೆಡೆ ಸಂಚಯಗೊಂಡು ಒಳಗೇ ಶಾರ್ಟ್ ಆಗಬಹುದು. ನಾವು ಬ್ಯಾಟರಿಯನ್ನು ಹೊರತೆಗೆದು ಬದಿಗಿಟ್ಟೆವು. ಈ ಯಂತ್ರ ಮ್ಯಾಕಿಂಟಾಷ್ ಪೋರ್ಟಬಲ್‌ನಂತಲ್ಲ. ಬ್ಯಾಟರಿ ಇಲ್ಲದೆಯೂ ಅಡಾಪ್ಟರಿನಿಂದ ನಡೆಯಬಲ್ಲದು.

ಬಿಸಿಲೂ ಒಂದು ಕಾರಣ

ಮಾಸ್ತರರ ಯಂತ್ರದಲ್ಲಿ ಕೆಟ್ಟದ್ದು ಕೆಪ್ಯಾಸಿಟರ್ ಮತ್ತು ಬ್ಯಾಟರಿ. ಎರಡೂ ರಾಸಾಯನಿಕ ಸಾಧನಗಳು. ಇದು ಆಕಸ್ಮಿಕವಲ್ಲ. ರಾಸಾಯನಿಕ ಕ್ರಿಯೆಗಳ ವೇಗ ತಾಪದೊಂದಿಗೆ ಏರುತ್ತದೆಂದು ಸ್ವೀಡನ್ನಿನ ಸ್ವಾಂಟೆ ಅರ‍್ಹೇನಿಯಸ್ 1889ರಲ್ಲಿ ಸಮೀಕರಣದ ಮೂಲಕ ತೋರಿಸಿದರು. ಇಂಜಿನಿಯರುಗಳು ಇದನ್ನು ಒಂದು ಸರಳ ಸೂತ್ರವಾಗಿ ಬಳಸುತ್ತಾರೆ: ತಾಪ 10 ಡಿಗ್ರಿ ಸೆಲ್ಸಿಯಸ್ ಏರಿದರೆ ಆಯುಷ್ಯ ಸುಮಾರು ಅರ್ಧವಾಗುತ್ತದೆ.

ಲೆಕ್ಕ ಹಾಕಿ ನೋಡೋಣ. 105 ಡಿಗ್ರಿಯಲ್ಲಿ 2,000 ಗಂಟೆ ಬಾಳುವ ಕೆಪ್ಯಾಸಿಟರ್ 65 ಡಿಗ್ರಿಯಲ್ಲಿ ಕೆಲಸ ಮಾಡಿದರೆ ವ್ಯತ್ಯಾಸ 40 ಡಿಗ್ರಿ. ಆಯುಷ್ಯ ನಾಲ್ಕು ಸಲ ದ್ವಿಗುಣಗೊಂಡು 32,000 ಗಂಟೆಯಾಗುತ್ತದೆ. ದಿನಕ್ಕೆ ಎಂಟು ಗಂಟೆಯಂತೆ ಸುಮಾರು 11 ವರ್ಷ. ಅದೇ ಕೆಪ್ಯಾಸಿಟರ್ ಇನ್ನೂ 10 ಡಿಗ್ರಿ ಬಿಸಿಯಾದ ಜಾಗದಲ್ಲಿದ್ದರೆ ಐದೂವರೆ ವರ್ಷ. ಏಪ್ರಿಲ್-ಮೇ ತಿಂಗಳಲ್ಲಿ ಕಲಬುರಗಿಯ ತಾಪ 40 ಡಿಗ್ರಿ ದಾಟುವುದು ವಾಡಿಕೆ. ತಗಡಿನ ಮಾಡಿನ ಕೆಳಗಿನ ಕೋಣೆಯಲ್ಲಿ ಅದು ಇನ್ನೂ ಹೆಚ್ಚು. ಮಲೆನಾಡಿನ ತಂಪಿನಲ್ಲಿರುವ ಯಂತ್ರಕ್ಕೂ ನಮ್ಮ ಕಡೆಯ ಯಂತ್ರಕ್ಕೂ ಆಯುಷ್ಯದಲ್ಲಿ ವ್ಯತ್ಯಾಸವಾದರೆ ಆಶ್ಚರ್ಯವಿಲ್ಲ. ಲಿಥಿಯಂ ಬ್ಯಾಟರಿಗೂ ಬಿಸಿ ಮತ್ತು ಪೂರ್ಣ ಪೂರಣ ಎರಡೂ ಒಟ್ಟಿಗೆ ಸೇರಿದರೆ ಬೇಗ ಮುಪ್ಪು. ಬಳಸದೆ ಇಡುವುದಾದರೆ ಸುಮಾರು ಅರ್ಧ ಪೂರಣ ಮಾಡಿ, ತಂಪಾದ ಜಾಗದಲ್ಲಿಟ್ಟು, ಕೆಲವು ತಿಂಗಳಿಗೊಮ್ಮೆ ಪರೀಕ್ಷಿಸುವುದು ಒಳ್ಳೆಯದು.

ಬಿಸಿಲಿನಷ್ಟೇ ಹಾನಿ ಮಾಡುವ ಇನ್ನೊಂದು ಸಂಗತಿ ಹಳ್ಳಿಗಳ ವಿದ್ಯುತ್ ಮಾರ್ಗದಲ್ಲಿ ನ್ಯೂಟ್ರಲ್ ತಂತಿ ಸಡಿಲವಾಗುವುದು. ಆಗ 230 ವೋಲ್ಟ್ ಇರಬೇಕಾದ ಮನೆಗೆ ಎರಡು ಫೇಸುಗಳ ನಡುವಿನ 400 ವೋಲ್ಟ್‌ಗೆ ಸಮೀಪದ ವಿದ್ಯುತ್ ನುಗ್ಗಬಹುದು. ಅಡಾಪ್ಟರ್ ಸುಟ್ಟು ಯಂತ್ರವನ್ನು ಉಳಿಸುವುದೂ ಉಂಟು. ಗುಡುಗು ಮಳೆಯ ಹೊತ್ತಿನಲ್ಲಿ ಪ್ಲಗ್ ಕಿತ್ತಿಡಿ ಎಂದು ಹಿರಿಯರು ಹೇಳುವುದರಲ್ಲಿ ಅರ್ಥವಿದೆ.

ಎಚ್ಚರಿಕೆಯ ಮಾತು

ಮೇಲಿನ ಬಲ್ಬಿನ ಪ್ರಯೋಗವನ್ನು ಶಿಕ್ಷಕರು ತರಗತಿಯಲ್ಲೇ ಮಾಡಿ ತೋರಿಸಬಹುದು. ಆಂತರಿಕ ರೋಧದ ಪಾಠಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ಸಿಗುವುದು ಕಷ್ಟ. ಬಲ್ಬುಗಳು ಬೇಗ ಬಿಸಿಯಾಗುತ್ತವೆ, ಬರಿಗೈಯಿಂದ ಮುಟ್ಟಬೇಡಿ. ಆದರೆ ಅಡಾಪ್ಟರಿನ ಪೆಟ್ಟಿಗೆಯನ್ನು ವಿದ್ಯಾರ್ಥಿಗಳು ಒಡೆಯಬಾರದು. ಅದರೊಳಗಿನ ದೊಡ್ಡ ಕೆಪ್ಯಾಸಿಟರಿನಲ್ಲಿ ಪ್ಲಗ್ ಕಿತ್ತ ಮೇಲೂ 300 ವೋಲ್ಟ್‌ಗೂ ಹೆಚ್ಚಿನ ವಿದ್ಯುತ್ ಸ್ವಲ್ಪ ಹೊತ್ತು ಉಳಿದಿರಬಹುದು. ಉಬ್ಬಿದ ಬ್ಯಾಟರಿಯನ್ನು ಚುಚ್ಚಬಾರದು, ಕಸದ ಬುಟ್ಟಿಗೆ ಎಸೆಯಬಾರದು. ಭಾರತದಲ್ಲಿ 2022ರಲ್ಲಿ ಬಂದ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಅವುಗಳನ್ನು ಸಂಗ್ರಹಿಸಿ ಮರುಬಳಕೆಗೆ ಕಳಿಸುವ ಹೊಣೆ ಉತ್ಪಾದಕರದು. ಅಂಥ ಸಂಗ್ರಹಕ್ಕೇ ಅದನ್ನು ಸೇರಿಸಬೇಕು. 1990ರ ದಶಕದ ಯಂತ್ರಗಳಲ್ಲಿ ಮದರ್‌ಬೋರ್ಡಿನ ಮೇಲೆಯೇ ಸಣ್ಣ ನಿಕ್ಕಲ್ ಬ್ಯಾಟರಿಯಿದ್ದರೆ ಅದು ಸೋರಿ ತಾಮ್ರದ ಗೆರೆಗಳನ್ನು ತಿಂದಿರುವ ಸಂಭವವಿದೆ. ಹಸಿರು ಅಥವಾ ಬಿಳಿ ಪುಡಿ ಕಂಡರೆ ಅದೇ ಅದರ ಗುರುತು. ಅಂಥ ಯಂತ್ರಕ್ಕೆ ವಿದ್ಯುತ್ ಕೊಡುವ ಮುನ್ನವೇ ಆ ಬ್ಯಾಟರಿಯನ್ನು ತೆಗೆಸುವುದು ಲೇಸು.

ಗಡಿಯಾರ ಮರೆತದ್ದು, ಡಿಸ್ಕ್ ನೆನಪಿಟ್ಟದ್ದು

ಬೆಸುಗೆ ಹಾಕಿಸಿ ತಂದ ಯಂತ್ರಕ್ಕೆ ಒಳ್ಳೆಯ ಅಡಾಪ್ಟರ್ ಜೋಡಿಸಿ, ಬ್ಯಾಟರಿ ಇಲ್ಲದೆಯೇ ಗುಂಡಿ ಒತ್ತಿದೆವು. ಫ್ಯಾನ್ ತಿರುಗಿತು, ಡಿಸ್ಕ್ ಗುನುಗಿತು. ಪರದೆಯ ಮೇಲೆ ದಿನಾಂಕ 2002ರ ಜನವರಿ 1 ಎಂದು ಮೂಡಿತು. ಸರಪಳಿಯ ಕೊನೆಯ ಕೊಂಡಿಯೂ ಹೋಗಿದೆ ಎಂದು ಇದರಿಂದ ತಿಳಿಯಿತು. 1984ರ ಐಬಿಎಂ ಎಟಿ ಕಂಪ್ಯೂಟರಿನಿಂದ ಪಿಸಿಗಳಲ್ಲಿ ರೂಢಿಗೆ ಬಂದ ವ್ಯವಸ್ಥೆಯಿದು: ಯಂತ್ರ ಆರಿಸಿದ್ದಾಗಲೂ ಸಣ್ಣ ಬ್ಯಾಟರಿಯೊಂದು ಗಡಿಯಾರವನ್ನೂ ಮೂಲ ಹೊಂದಾಣಿಕೆಗಳನ್ನೂ ಕಾಯುತ್ತದೆ. ಅದು ಬರಿದಾದರೆ ಯಂತ್ರ ಕಾಲವನ್ನು ಮರೆಯುತ್ತದೆ, ಆದರೆ ಡಿಸ್ಕಿನಲ್ಲಿರುವ ಮಾಹಿತಿ ಹಾಗೆಯೇ ಇರುತ್ತದೆ. ಡಿಸ್ಕಿನ ನೆನಪು ಕಾಂತೀಯವಾದದ್ದು, ಅದನ್ನು ಉಳಿಸಿಕೊಳ್ಳಲು ವಿದ್ಯುತ್ ಬೇಡ.

ಪರದೆ ನೋಡಿ ಮಾಸ್ತರರು ನಕ್ಕರು. "ಅದಕ್ಕ ನಾ ಇನ್ನಾ ನೌಕರಿ ಮೇಲೇ ಇದ್ದೀನಿ ನೋಡು" ಎಂದರು. ಬೇರೇನನ್ನೂ ಮುಟ್ಟುವ ಮೊದಲು ಎಂಟು ವರ್ಷಗಳ ಕಡತಗಳನ್ನು ಪೆನ್‌ಡ್ರೈವಿಗೆ ನಕಲು ಮಾಡಿ, ಬೇರೆ ಎರಡು ಕಂಪ್ಯೂಟರುಗಳಲ್ಲಿ ಇರಿಸಿದೆವು. ಹಳೆಯ ಫಾಂಟಿನಲ್ಲಿದ್ದ ಕನ್ನಡ ಟಿಪ್ಪಣಿಗಳನ್ನು ಯೂನಿಕೋಡಿಗೆ ಬದಲಿಸುವ ಕೆಲಸ ಇನ್ನೂ ಉಳಿದಿದೆ. ಅಂಕಿಗಳು ಮಾತ್ರ ಒಂದೂ ಕೆಡದೆ ಬಂದಿವೆ. ಪ್ರತಿ ಸಾಲಿನ ಕೊನೆಯಲ್ಲಿ ಅಳತೆ ತೆಗೆದ ಹುಡುಗ ಅಥವಾ ಹುಡುಗಿಯ ಹೆಸರಿದೆ. ಅವರಲ್ಲಿ ಹಲವರಿಗೆ ಈಗ ಮೂವತ್ತು ದಾಟಿರಬೇಕು.

ನಿಮ್ಮ ಶಾಲೆಯ ಕಪಾಟಿನಲ್ಲೂ ಇಂಥದೊಂದು ಯಂತ್ರ ಇರಬಹುದು. ಅದನ್ನು ಗುಜರಿಗೆ ಹಾಕುವ ಮುನ್ನ ಒಂದು ಮಲ್ಟಿಮೀಟರ್, ಎರಡು ಬಲ್ಬು, ಸ್ವಲ್ಪ ತಾಳ್ಮೆ ಇಟ್ಟುಕೊಂಡು ಗೋಡೆಯಿಂದ ಆರಂಭಿಸಿ. ಯಂತ್ರ ಎದ್ದರೆ ಮೊದಲ ಕೆಲಸ ನಕಲು ತೆಗೆಯುವುದು, ಉಳಿದದ್ದೆಲ್ಲ ಆಮೇಲೆ.